ಅಟ್ಟದಲ್ಲಿ ಸ್ಕ್ಯಾನರ್ ಆಂಟೆನಾ: ಮೊದಲು ಜಾಗ ಹುಡುಕಿ, ಆಮೇಲೆ ಕೊಳ್ಳಿ

ಡಲ್ಲಾಸ್ ಸುತ್ತಮುತ್ತ ಆಂಟೆನಾ ಹಾಕುವ ಕೆಲಸ ನನ್ನದು. ಕನ್ನಡದವರು ಫೋನ್ ಮಾಡಿದರೆ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಪೊಲೀಸ್, ಅಗ್ನಿಶಾಮಕ, ವಿಮಾನದವರ ರೇಡಿಯೊ ಮಾತು ಕೇಳೋ ಸ್ಕ್ಯಾನರ್ ತಗೊಂಡಿದ್ದೀವಿ, ಹೊರಗೆ ಆಂಟೆನಾ ಹಾಕೋಕೆ ಬಡಾವಣೆಯ ಮನೆಮಾಲೀಕರ ಸಂಘ (ಎಚ್‌ಒಎ) ಬಿಡಲ್ಲ, ಅಟ್ಟದಲ್ಲಿ ಯಾವುದನ್ನು ಹಾಕೋದು? ಎಚ್‌ಒಎ ಜೊತೆ ಜಗಳಕ್ಕೆ ಇಳಿಯಬೇಡಿ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ 1996ರ ನಿಯಮ ಟಿವಿ ಆಂಟೆನಾವನ್ನೂ ಒಂದು ಮೀಟರ್ ಒಳಗಿನ ಡಿಶ್ಶನ್ನೂ ಕಾಯುತ್ತದೆ. ಸ್ಕ್ಯಾನರ್ ಆಂಟೆನಾಗೆ ಅದು ಅನ್ವಯಿಸುವುದಿಲ್ಲ.

ಯಾವ ಆಂಟೆನಾ ಅಂತ ಹೇಳುವ ಮುಂಚೆ ನಾನು ಕೇಳುವುದು ಬೇರೆ. ಅಟ್ಟ ಹತ್ತಿ ಟಾರ್ಚ್ ಬಿಡಿ, ಚಾವಣಿ ಹಲಗೆಯ ಒಳಮೈ ಮರದ ಬಣ್ಣ ಇದೆಯೋ, ಬೆಳ್ಳಿಯ ಹಾಗೆ ಹೊಳೆಯುತ್ತದೆಯೋ? ಟೆಕ್ಸಾಸ್‌ನಲ್ಲಿ ಬಿಸಿಲಿನ ಕಾವು ತಡೆಯಲು ಅಲ್ಲಿ ಅಲ್ಯೂಮಿನಿಯಂ ಹಾಳೆ ಅಂಟಿಸಿದ ಮನೆಗಳು ಬೇಕಾದಷ್ಟಿವೆ. ರೇಡಿಯಂಟ್ ಬ್ಯಾರಿಯರ್ ಅಂತಾರೆ. ಕಾವು ತಡೆಯುವ ಹಾಳೆ ರೇಡಿಯೊ ಅಲೆಯನ್ನೂ ತಡೆಯುತ್ತದೆ. ತಗಡಿನ ಚಾವಣಿಯದ್ದೂ ಇದೇ ಕಥೆ. ಹಾಗಿದ್ದರೆ ಅಟ್ಟದ ಆಸೆ ಬಿಟ್ಟು ಮೇಲಿನ ಮಹಡಿಯ ಕೋಣೆಯಲ್ಲಿ, ಹೊರಗೋಡೆಯ ಹತ್ತಿರ ಜಾಗ ನೋಡಿ. ಕೆಲವು ಮನೆಗಳಲ್ಲಿ ಅಟ್ಟದ ತ್ರಿಕೋನದ ಪಕ್ಕಗೋಡೆಗೆ ಹಾಳೆ ಇರುವುದಿಲ್ಲ, ಅಲ್ಲೂ ಒಂದು ಕೈ ನೋಡಬಹುದು. ಆಸ್ಫಾಲ್ಟ್ ಶಿಂಗಲ್ ಮತ್ತು ಬರೀ ಹಲಗೆ ಇದ್ದರೆ ನೀವು ಅದೃಷ್ಟವಂತರು.

ಇಷ್ಟಕ್ಕೂ ಅಟ್ಟ ಯಾಕೆ? ಎತ್ತರಕ್ಕೆ. ಮೇಜಿನ ಮೇಲೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಆಂಟೆನಾದ ರೇಡಿಯೊ ದಿಗಂತ, ಅಂದರೆ ಭೂಮಿಯ ಬಾಗು ಅಡ್ಡ ಬರುವ ಮುಂಚೆ ಅಲೆ ತಲುಪುವ ದೂರ, ಸುಮಾರು 5 ಕಿ.ಮೀ. ಅದನ್ನೇ 6 ಮೀಟರ್‌ಗೆ ಏರಿಸಿದರೆ 10 ಕಿ.ಮೀ. ಎದುರಿನ ಟವರಿಗೂ ತನ್ನದೇ ದಿಗಂತ ಇರುತ್ತದೆ, ಎರಡನ್ನೂ ಕೂಡಬೇಕು. 10,000 ಮೀಟರ್ ಎತ್ತರದಲ್ಲಿ ಹಾರುವ ವಿಮಾನದ ದಿಗಂತ 400 ಕಿ.ಮೀ. ದಾಟುತ್ತದೆ. ಪೈಲಟ್ ಮಾತು ಸ್ಪಷ್ಟವಾಗಿ ಕೇಳಿ, ಅವನಿಗೆ ನೆಲದಿಂದ ಉತ್ತರ ಕೊಡುವವರ ದನಿ ಕೇಳದೇ ಇರುವುದು ಇದಕ್ಕೇ.

ಈಗ ಜಾಗ ಹುಡುಕುವ ಕೆಲಸ. ಇದಕ್ಕೆ ದುಡ್ಡು ಬೇಕಿಲ್ಲ, ಒಂದು ಮೀಟರ್ ಮಾಮೂಲಿ ವೈರ್ ಸಾಕು. 44 ಸೆಂ.ಮೀ. ಉದ್ದದ ಎರಡು ತುಂಡು ಕತ್ತರಿಸಿ. ಕೋಆಕ್ಸ್ ಕೇಬಲ್ಲಿನ ನಡುತಂತಿಗೆ ಒಂದು, ಸುತ್ತಲಿನ ಜಾಲರಿಗೆ ಇನ್ನೊಂದು ಕಟ್ಟಿ. ಒಂದನ್ನು ಮೇಲಕ್ಕೆ, ಒಂದನ್ನು ಕೆಳಕ್ಕೆ ನೆಟ್ಟಗೆ ಬರುವಂತೆ ಮರದ ಪಟ್ಟಿಗೆ ಟೇಪ್ ಸುತ್ತಿ. 162 ಮೆಗಾಹರ್ಟ್ಸ್‌ಗೆ ಸರಿಹೊಂದುವ ಎರಡು ತೋಳಿನ ಆಂಟೆನಾ, ಅಂದರೆ ಡೈಪೋಲ್, ಸಿದ್ಧವಾಯಿತು. ಲೆಕ್ಕ ಸುಲಭ: 75ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ, ಬಂದದ್ದರಲ್ಲಿ ನೂರಕ್ಕೆ ಐದು ಕಳೆಯಿರಿ. ಒಂದು ತೋಳಿನ ಉದ್ದ ಮೀಟರಿನಲ್ಲಿ ಸಿಗುತ್ತದೆ. ವಿಮಾನದ ಬ್ಯಾಂಡಿಗೆ 56 ಸೆಂ.ಮೀ. ಬರುತ್ತದೆ.

162ನ್ನೇ ಆರಿಸಿದ್ದಕ್ಕೆ ಕಾರಣ ಇದೆ. ಹವಾಮಾನ ಇಲಾಖೆಯ ಪ್ರಸಾರ ಅಲ್ಲಿ ಹಗಲೂ ರಾತ್ರಿ ನಿಲ್ಲದೆ ಬರುತ್ತದೆ. ಡಲ್ಲಾಸ್ ಕೇಂದ್ರ 162.400, ಫೋರ್ಟ್ ವರ್ತ್ ಕೇಂದ್ರ 162.550. ಆಗೊಮ್ಮೆ ಈಗೊಮ್ಮೆ ಮಾತಾಡುವ ಚಾನೆಲ್ ಹಿಡಿದು ಜಾಗ ಹುಡುಕಲು ಆಗಲ್ಲ, ಅಲ್ವಾ? ಜೋರಾಗಿ ಬರುವ ಕೇಂದ್ರವನ್ನೂ ಬಿಡಿ. ಈ ಪ್ರಸಾರ ಎಫ್‌ಎಂ ಬಗೆಯದು, ಅದರಲ್ಲಿ ಸಿಗ್ನಲ್ ಸಾಕಷ್ಟು ಬಂದ ಮೇಲೆ ಅದು ಹೆಚ್ಚಿದ್ದು ಕಿವಿಗೆ ಗೊತ್ತಾಗುವುದಿಲ್ಲ. ಗೊರಗೊರ ಸದ್ದಿನ ನಡುವೆ ಮಾತು ಕೇಳುವ ಕೇಂದ್ರವೇ ಪರೀಕ್ಷೆಗೆ ಸರಿ. ಪಟ್ಟಿ ಹಿಡಿದು ನಿಧಾನವಾಗಿ ಓಡಾಡಿ. ಒಂದು ಕಡೆ ಗೊರಗೊರ ಹೋಗಿ ಮಾತು ತಿಳಿಯಾಗುತ್ತದೆ, ಅರ್ಧ ಮೀಟರ್ ಸರಿದರೆ ಮತ್ತೆ ಕೆಡುತ್ತದೆ. ನೇರ ಬಂದ ಅಲೆ ಮತ್ತು ಎಸಿ ಡಕ್ಟಿಗೆ ಬಡಿದು ಬಂದ ಅಲೆ ಒಂದು ಕಡೆ ಕೂಡುತ್ತವೆ, ಇನ್ನೊಂದು ಕಡೆ ಒಂದನ್ನೊಂದು ಅಳಿಸುತ್ತವೆ. ಒಳ್ಳೆಯ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. 800 ಮೆಗಾಹರ್ಟ್ಸ್‌ನ ಪೊಲೀಸ್, ಅಗ್ನಿಶಾಮಕ ವ್ಯವಸ್ಥೆ ಕೇಳುವವರು ಇದನ್ನೇ ಅದರ ಕಂಟ್ರೋಲ್ ಚಾನೆಲ್ (ನಿಲ್ಲದೆ ಸಿಗ್ನಲ್ ಕಳಿಸುವ ಚಾನೆಲ್) ಹಿಡಿದು ಮಾಡಿ. ಅಲ್ಲಿ ಒಂದು ಗೇಣಿನಲ್ಲೇ ಫಲಿತಾಂಶ ಬದಲಾಗುತ್ತದೆ.

ಆಂಟೆನಾ ನೆಟ್ಟಗೇ ನಿಲ್ಲಬೇಕು. ಪೊಲೀಸ್, ಅಗ್ನಿಶಾಮಕ, ವಿಮಾನ, ಇವರೆಲ್ಲರ ಅಲೆ ಲಂಬವಾಗಿರುತ್ತದೆ. ತೊಲೆಯ ಮೇಲೆ ಅಡ್ಡ ಮಲಗಿಸಿದ ಒಳ್ಳೆಯ ಡಿಸ್ಕೋನ್ (ತಟ್ಟೆ-ಶಂಕುವಿನ ಆಕಾರದ ಸ್ಕ್ಯಾನರ್ ಆಂಟೆನಾ) ಗಿಂತ ನೆಟ್ಟಗೆ ನಿಲ್ಲಿಸಿದ ಎರಡು ವೈರ್ ಎಷ್ಟೋ ಮೇಲು.

ಕೇಬಲ್ ವಿಷಯದಲ್ಲಿ ಜನ ಜಾಸ್ತಿ ಮೋಸ ಹೋಗುತ್ತಾರೆ. 800 ಮೆಗಾಹರ್ಟ್ಸ್‌ನಲ್ಲಿ 15 ಮೀಟರ್ ಆರ್‌ಜಿ-58 ಎಂಬ ತೆಳ್ಳಗಿನ ಕೋಆಕ್ಸ್ ದಾಟಿದ ಮೇಲೆ ಸಿಗ್ನಲ್ಲಿನ ಐದರಲ್ಲೊಂದು ಪಾಲು ಉಳಿದರೆ ಹೆಚ್ಚು. ಅಟ್ಟ ಹತ್ತಿ ಗಳಿಸಿದ್ದೆಲ್ಲ ಕೇಬಲ್ಲಿನಲ್ಲೇ ಸೋರಿಹೋಯಿತು. ಟಿವಿಗೆ ಬಳಸುವ ಆರ್‌ಜಿ-6ರಲ್ಲಿ ಅರ್ಧ ಉಳಿಯುತ್ತದೆ, ಬೆಲೆಯೂ ಕಮ್ಮಿ. ಅದು 75 ಓಮ್, ಸ್ಕ್ಯಾನರ್ 50 ಓಮ್ ಅಂತ ಹೆದರಬೇಡಿ. ಬರೀ ಕೇಳುವುದಕ್ಕೆ ಆ ವ್ಯತ್ಯಾಸದಿಂದ ಆಗುವ ನಷ್ಟ 0.2 ಡೆಸಿಬಲ್‌ಗಿಂತ ಕಡಿಮೆ. ಆಂಪ್ಲಿಫೈಯರ್ ಸುಮ್ನೆ ಸೇರಿಸಬೇಡಿ. ಊರಿನ ಎಫ್‌ಎಂ ಸ್ಟೇಷನ್ನುಗಳನ್ನೂ ಅದು ಎತ್ತಿ ಸ್ಕ್ಯಾನರಿನ ಮೇಲೆ ಸುರಿಯುತ್ತದೆ, ಮೊದಲು ಕೇಳುತ್ತಿದ್ದದ್ದೂ ನಿಲ್ಲುತ್ತದೆ.

ಆಂಟೆನಾದಿಂದ ಆಗದ ಕೆಲಸವನ್ನೂ ಹೇಳಿಬಿಡುತ್ತೇನೆ. ಗುಟ್ಟಿನ ಸಂಕೇತಕ್ಕೆ ಬದಲಿಸಿದ (ಎನ್‌ಕ್ರಿಪ್ಟ್ ಮಾಡಿದ) ಪೊಲೀಸ್ ಚಾನೆಲ್ ಯಾವ ಆಂಟೆನಾಗೂ ತೆರೆಯುವುದಿಲ್ಲ. ಹಲವು ಟವರುಗಳು ಒಂದೇ ಮಾತನ್ನು ಒಟ್ಟಿಗೆ ಕಳಿಸುವ ಸೈಮಲ್‌ಕಾಸ್ಟ್ ವ್ಯವಸ್ಥೆಯಲ್ಲಿ ಅಟ್ಟದ ಆಂಟೆನಾ ಕೆಲವೊಮ್ಮೆ ತೊಂದರೆಯನ್ನೇ ಹೆಚ್ಚಿಸುತ್ತದೆ. ಎಲ್ಲ ಟವರಿನ ಸಿಗ್ನಲ್ಲೂ ಚೂರು ಹಿಂದೆಮುಂದೆ ಬಂದು ಡಿಜಿಟಲ್ ಮಾತು ಮುರಿಯುತ್ತದೆ. ಒಂದೇ ಟವರಿಗೆ ತಿರುಗಿಸಿದ ಸಣ್ಣ ಯಾಗಿ ಆಂಟೆನಾ (ಒಂದೇ ದಿಕ್ಕಿನಿಂದ ಹೆಚ್ಚು ಹಿಡಿಯುವಂಥದ್ದು) ಅಲ್ಲಿ ಕೈಹಿಡಿಯುತ್ತದೆ. ಸುಂಟರಗಾಳಿಯ ಕಾಲದಲ್ಲಿ ಬಿರುಗಾಳಿ ಕಂಡು ವರದಿ ಮಾಡುವ ಸ್ಕೈವಾರ್ನ್ ಸ್ವಯಂಸೇವಕರು ಮಾತಾಡುವ ಹ್ಯಾಮ್ (ಹವ್ಯಾಸಿ ರೇಡಿಯೊ) ಚಾನೆಲ್ಲುಗಳು ಮಾತ್ರ ಎಲ್ಲರಿಗೂ ತೆರೆದೇ ಇರುತ್ತವೆ. ಮೊದಲು ಅವನ್ನು ಸ್ಕ್ಯಾನರಿಗೆ ತುಂಬಿಸಿಕೊಳ್ಳಿ. ನನ್ನ ಮಟ್ಟಿಗೆ ಸ್ಕ್ಯಾನರ್ ಇಟ್ಟುಕೊಳ್ಳಲು ಅದೊಂದೇ ಕಾರಣ ಸಾಕು.

ಬೇಸಿಗೆಯ ಮಧ್ಯಾಹ್ನ ಇಲ್ಲಿನ ಅಟ್ಟ 50 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ, ಬೆಳಗಿನ ಜಾವವೇ ಕೆಲಸ ಮುಗಿಸಿ. ಕಾಲು ತೊಲೆಯ ಮೇಲೆಯೇ ಇರಲಿ, ನಡುವಿನ ಡ್ರೈವಾಲ್ (ಕೆಳಗಿನ ಕೋಣೆಯ ಒಳಚಾವಣಿಯ ತೆಳು ಹಲಗೆ) ನಿಮ್ಮ ತೂಕ ತಡೆಯುವುದಿಲ್ಲ. ಗಾಜಿನ ನಾರು ಇರುವಲ್ಲಿ ಕೈಗವಸು, ಮಾಸ್ಕ್ ಬೇಕು. ಸಿಡಿಲು ಹತ್ತಿರ ಬಂದಾಗ ಕೇಬಲ್ ಕಳಚಿಡಿ.

ಊರಿಗೆ ಹೋಗುವಾಗ ಸ್ಕ್ಯಾನರ್ ಒಯ್ಯಬೇಡಿ. ಭಾರತದಲ್ಲಿ ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಅಲ್ಲಿ ಆಸಕ್ತಿ ಇರುವವರಿಗೆ ಹ್ಯಾಮ್ ಪರೀಕ್ಷೆಯ ದಾರಿ ಇದೆ, 12 ವರ್ಷ ತುಂಬಿದವರು ಬರೆಯಬಹುದು. ಪಾಸಾಗಿ ಪರವಾನಗಿ ಸಿಕ್ಕ ಮೇಲೆ 144ರಿಂದ 146 ಮೆಗಾಹರ್ಟ್ಸ್‌ಗೆ 49 ಸೆಂ.ಮೀ. ತೋಳಿನ ಇದೇ ಡೈಪೋಲ್ ಕಟ್ಟಿ ಮಲೆನಾಡಿನ ಹೆಂಚಿನ ಮನೆಯ ಅಟ್ಟದಲ್ಲಿ ತೂಗುಹಾಕಿ. ಮಣ್ಣಿನ ಹೆಂಚು ಅಲೆಯನ್ನು ಬಿಟ್ಟುಕೊಡುತ್ತದೆ, ಜಿಂಕ್ ಶೀಟ್ ಬಿಡುವುದಿಲ್ಲ.