ಬೆಂಗಳೂರಿನ ಹೆಂಚು ಹೋಯಿತೋ, ವಾಪಸ್ ಬಂತೋ?

ಮಲ್ಲೇಶ್ವರದ ಅಥವಾ ಬಸವನಗುಡಿಯ ಯಾವುದಾದರೂ ಹಳೆ ಅಡ್ಡರಸ್ತೆಯಲ್ಲಿ ನಿಂತು, ಅಂಗಡಿ ಬೋರ್ಡಿಗಿಂತ ಸ್ವಲ್ಪ ಮೇಲೆ ನೋಡಿ. ಒಂದು ಮನೆಗೆ ಕೆಂಪು ಹೆಂಚು. ಪಕ್ಕದ್ದು ಆರ್‌ಸಿಸಿ ತಾರಸಿ, ಅದರ ಮೇಲೆ ಬಿಸಿಲು ತಡೆಯೋಕೆ ತಗಡಿನ ಶೀಟು. ಅದರಾಚೆ ಹೊಸ ಅಪಾರ್ಟ್‌ಮೆಂಟು, ಅದರ ನೆತ್ತಿಯಲ್ಲಿ ಮತ್ತೆ ಹೆಂಚು! ಹಾಗಾದರೆ ಹೆಂಚು ಹಳೆಯದೋ, ಹೊಸ ಫ್ಯಾಷನ್ನೋ?

ಹುಲ್ಲು, ಕುಂಬಾರರ ನಾಡಹೆಂಚು, ಕಲ್ಲು ಚಪ್ಪಡಿ, ತೊಲೆ-ಇಟ್ಟಿಗೆ-ಗಾರೆಯ ಮದ್ರಾಸ್ ತಾರಸಿ. ಇವೆಲ್ಲ ಈ ಸೀಮೆಯಲ್ಲಿ ಮೊದಲೇ ಇದ್ದವು. ಕತೆ ತಿರುಗಿದ್ದು ಮಂಗಳೂರಿನಲ್ಲಿ.

ಒಂದಕ್ಕೊಂದು ಸಿಕ್ಕಿಕೊಳ್ಳುವ ಚಪ್ಪಟೆ ಹೆಂಚು 1841ರಲ್ಲಿ ಫ್ರಾನ್ಸಿನ ಆಲ್ಸೇಸ್‌ನಲ್ಲಿ ಗಿಲಾರ್ಡೋನಿ ಸಹೋದರರು ಮಾಡಿದ್ದು. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯವರು 1865ರಲ್ಲಿ ಮಂಗಳೂರಿನಲ್ಲಿ ಇಂಥ ಹೆಂಚಿನ ಕಾರ್ಖಾನೆ ತೆರೆದರು. ಇದರ ಹಿಂದೆ ಇದ್ದವರು ಪ್ಲೆಬ್ಸ್ಟ್ ಎಂಬ ಜರ್ಮನ್. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಒಲೆಗೆ ಘಟ್ಟದ ಸೌದೆ, ಸಾಗಿಸೋಕೆ ಬಂದರಿನ ಹಾಯಿಹಡಗು. 1868ರಲ್ಲಿ ಆಲ್ಬುಕರ್ಕ್ ಕಾರ್ಖಾನೆ ಶುರುವಾಯಿತು, ಬೇರೆಯವರೂ ಸಾಲುಗಟ್ಟಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ನರ ಆಸ್ತಿ ಕೈತಪ್ಪಿ ಮಿಷನ್ನಿನ ಕಾರ್ಖಾನೆಗಳು ಬ್ರಿಟಿಷರ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹೆಂಚು ಮಾತ್ರ ನಿಲ್ಲಲಿಲ್ಲ.

ಹಳೆಯ ಮಂಗಳೂರು ಹೆಂಚೊಂದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು ಮಣ್ಣಿನಲ್ಲೇ ಒತ್ತಿರುತ್ತದೆ, ಕೆಲವದರಲ್ಲಿ ವರ್ಷವೂ ಇರುತ್ತದೆ. ಹಿಂದೆ ಗುಬಟುಗಳಿವೆ, ಅವು ರೀಪಿಗೆ ಸಿಕ್ಕಿಕೊಳ್ಳುತ್ತವೆ. ಅಂಚಿನ ಕಾಲುವೆ ಪಕ್ಕದ ಹೆಂಚಿನ ಏಣಿನೊಳಗೆ ಕೂರುತ್ತದೆ, ಮಳೆ ನೀರು ಕೆಳಗಿಳಿದು ಹೋಗುತ್ತದೆ. ಮೊಳೆ ಬೇಕಿಲ್ಲ, ಗಾರೆ ಬೇಕಿಲ್ಲ. ನಾಡಹೆಂಚನ್ನು ಒಂದರ ಮೇಲೊಂದು ಪದರವಾಗಿ ಹೊದಿಸಬೇಕಿತ್ತು. ಇದಕ್ಕೆ ಒಂದೇ ಪದರ ಸಾಕು, ಅಂದರೆ ಭಾರ ಕಡಿಮೆ, ಮರವೂ ಕಡಿಮೆ. ಒಂದು ಒಡೆದರೆ ಅದೊಂದನ್ನೇ ಬದಲಿಸಿದರಾಯಿತು. ಕತ್ತಲಾದ ಕಡೆ ಗಾಜಿನ ಹೆಂಚು ಇಟ್ಟರೆ ಬೆಳಕೂ ಬಂತು. ಇಷ್ಟು ಜಾಣತನ ತುಂಬಿದ ಇನ್ನೊಂದು ಮಣ್ಣಿನ ವಸ್ತು ಸಿಗೋದು ಕಷ್ಟ.

1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟು ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರದ ಬಡಾವಣೆಗಳಿಗೆ ಬಂದರು. ಅಲ್ಲಿನ ಮನೆಗಳಲ್ಲಿ ಈ ಹೆಂಚು ಹರಡಿತು. ದಂಡಿನ (ಕಂಟೋನ್ಮೆಂಟಿನ) ಬಂಗಲೆಗಳ ಕಿಟಕಿ ಮೇಲಿನ ಚೂಪು ಮರದ ಚಪ್ಪರ, ಅಂದರೆ ಮಂಕಿ ಟಾಪ್, ಇಲ್ಲಿಯವರಿಗೂ ಹಿಡಿಸಿತು.

ಆಮೇಲೆ ಸಿಮೆಂಟು ಬಂತು. ಹೆಂಚು ಸೋರುತ್ತೆ, ಕೋತಿ ಹಾರಿದರೆ ಒಡೆಯುತ್ತೆ, ರೀಪಿಗೆ ಗೆದ್ದಲು ಹಿಡಿಯುತ್ತೆ ಅಂತ ಎಲ್ಲರೂ ದೂರಿದರು. ಸುಳ್ಳಲ್ಲ. ಆದರೆ ಅಸಲಿ ಕಾರಣ ಬೇರೆ ಅಂತ ನನಗನ್ನಿಸುತ್ತದೆ. ಹೆಂಚಿನ ಮಾಡಿನ ಮೇಲೆ ಇನ್ನೊಂದು ಮಹಡಿ ಕಟ್ಟೋಕಾಗಲ್ಲ. ಸೈಟಿನ ಬೆಲೆ ಏರಿದ ಹಾಗೆಲ್ಲ, ಮೇಲೆ ಬಾಡಿಗೆ ಬಾರದ ಮಾಡು ಅಂದ್ರೆ ನಷ್ಟ ಅನ್ನಿಸತೊಡಗಿತು. ಮನೆ ಪಾಲಾದಾಗಲೂ ಮಾಡನ್ನು ಹಂಚಿಕೊಳ್ಳಲು ಬರುವುದಿಲ್ಲ, ಸೈಟನ್ನು ಹಂಚಿಕೊಳ್ಳಬಹುದು. ಅತ್ತ ಮಂಗಳೂರಿನಲ್ಲಿ ಮಣ್ಣು, ಸೌದೆ, ಕೂಲಿ ಎಲ್ಲವೂ ದುಬಾರಿಯಾಗಿ ಕಾರ್ಖಾನೆಗಳು ಒಂದೊಂದೇ ಮುಚ್ಚಿದವು.

ಈಗ ಹೆಂಚು ವಾಪಸ್ ಬಂದಿದೆಯಲ್ಲ, ಅದು ಇಳಿಜಾರು ಕಾಂಕ್ರೀಟಿನ ಮೇಲೆ ಅಂಟಿಸಿದ್ದು. ನೀರು ತಡೆಯೋದು ಕಾಂಕ್ರೀಟು, ಹೆಂಚು ಸುಮ್ನೆ ಚೆಂದಕ್ಕೆ. ಗಾಳಿಯಾಡಲು ಹೆಂಚುಗಳ ನಡುವೆ ಇದ್ದ ಸಂದೂ ಹೋಯಿತು. ಇದಕ್ಕಿಂತ ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ ಫಿಲ್ಲರ್ ಸ್ಲ್ಯಾಬ್ ವಾಸಿ. ತಾರಸಿಯ ಕೆಳಭಾಗದಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲದ ಜಾಗದಲ್ಲಿ ಹಳೆ ಹೆಂಚು ಇಟ್ಟರೆ ಸಿಮೆಂಟು ಉಳಿಯುತ್ತದೆ. ಅಲ್ಲಿ ಹೆಂಚಿಗೂ ಒಂದು ಕೆಲಸ ಇದೆ.

ಇನ್ನೂ ಹಳೆ ಮಾಡು ಉಳಿಸಿಕೊಂಡವರ ಪಾಡೇ ಬೇರೆ. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ, ಏಣು-ಕಾಲುವೆಯ ಅಳತೆ ಸ್ವಲ್ಪ ಬೇರೆ. ಹೊಂದುವ ಹೆಂಚು ಬೇಕೆಂದರೆ ಕೆಡವಿದ ಮನೆಗಳ ಸಾಮಾನು ಮಾರುವ ಅಂಗಡಿಗೇ ಹೋಗಬೇಕು. ಅಲ್ಲಿ ಕೆಫೆಯ ಗೋಡೆ ಸಿಂಗರಿಸೋರೂ ಅದೇ ಹೆಂಚಿಗೆ ಕೈ ಹಾಕಿರುತ್ತಾರೆ. ರಿಪೇರಿಗೆ ಹತ್ತು ಹೆಂಚು ಕೇಳಿದವನಿಗಿಂತ ರಾಶಿಯನ್ನೇ ಎತ್ತಿಕೊಂಡು ಹೋಗುವವನ ಮೇಲೆ ಅಂಗಡಿಯವನಿಗೆ ಪ್ರೀತಿ ಜಾಸ್ತಿ, ಅಲ್ವಾ? ಹತ್ತು ಹೆಂಚು ಸಿಗದ ಮನೆ ಮುಂದಿನ ಮಳೆಗೆ ಸೋರುತ್ತದೆ. ಎರಡು ಮಳೆಗಾಲ ಸೋರಿದರೆ ಮರ ಕೊಳೆಯುತ್ತದೆ, ಆಮೇಲೆ ಬಿಲ್ಡರ್‌ಗೆ ಫೋನು ಹೋಗುತ್ತದೆ.