ಹಳೆಯ ಊರಿನಲ್ಲಿ ಹೊಸ ಗೋಡೆ

ಓದುಗರ ಪ್ರಶ್ನೆ: ಐತಿಹಾಸಿಕ ನಗರದ ನಡುವೆ ಹೊಸದೇನಾದರೂ ಕಟ್ಟುವಾಗ ಅಕ್ಕಪಕ್ಕದ ಹಳೆಯ ಕಟ್ಟಡಗಳ ಹಾಗೆಯೇ ಕಟ್ಟುವುದು ಒಳ್ಳೆಯದಲ್ಲವೇ?

ಉತ್ತರ: ಅಲ್ಲ ಎಂದೇ ನನಗೆ ಅನ್ನಿಸುತ್ತದೆ. ಏಕೆಂಬುದು ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿ ಪೀಟರ್ ಜುಮ್‌ಟೋರ್ ಅವರ ಕೆಲಸ ನೋಡಿದರೆ ತಿಳಿಯುತ್ತದೆ.

ಅವರು ಹುಟ್ಟಿದ್ದು 1943ರಲ್ಲಿ, ಬಾಸೆಲ್‌ನಲ್ಲಿ. ತಂದೆ ಪೀಠೋಪಕರಣ ಮಾಡುವ ಬಡಗಿ. ಮಗನೂ ಮೊದಲು ಕಲಿತದ್ದು ಮರಗೆಲಸವನ್ನೇ. ವಿನ್ಯಾಸ ಓದಿದ ಮೇಲೆ ಗ್ರಾವ್‌ಬ್ಯುಂಡೆನ್ ಪ್ರಾಂತ್ಯದ ಸ್ಮಾರಕ ಸಂರಕ್ಷಣಾ ಇಲಾಖೆಗೆ ಸೇರಿ, ಹಳೆಯ ಕಟ್ಟಡಗಳ ನಡುವೆ ವರ್ಷಗಟ್ಟಲೆ ದುಡಿದರು. ಸ್ವಂತ ಕಚೇರಿ ತೆರೆದದ್ದು 1979ರಲ್ಲಿ, ಹಾಲ್ಡೆನ್‌ಸ್ಟೈನ್ ಎಂಬ ಹಳ್ಳಿಯಲ್ಲಿ. ಇಷ್ಟೆಲ್ಲ ಹಳೆಯದನ್ನು ಬಲ್ಲವರು ಹಳೆಯದರ ನಕಲು ಮಾಡಲಿಲ್ಲ ಎಂಬುದೇ ಗಮನಿಸಬೇಕಾದ ಸಂಗತಿ.

ಕೂರ್ ಪಟ್ಟಣದಲ್ಲಿ ರೋಮನ್ನರ ಕಾಲದ ಕಟ್ಟಡಗಳ ಬುನಾದಿ ಸಿಕ್ಕಿತ್ತು. ಅದಕ್ಕೆ 1986ರಲ್ಲಿ ಅವರು ಹೊದಿಸಿದ್ದು ಮರದ ಪಟ್ಟಿಗಳ ಗೋಡೆ. ಗಾಳಿ ಬೆಳಕು ಒಳಗೆ ಬರುತ್ತವೆ, ಮಳೆ ಬರುವುದಿಲ್ಲ. ಕಂಬ, ಕಮಾನುಗಳ ರೋಮನ್ ವೇಷ ಯಾವುದೂ ಇಲ್ಲ. ಆದರೆ ಹೊಸ ಗೋಡೆ ನಿಂತಿರುವುದು ಹಳೆಯ ಗೋಡೆ ಹೋದ ದಾರಿಯಲ್ಲೇ.

ಇದೇ ಯೋಚನೆ ಜರ್ಮನಿಯ ಕಲೋನ್ ನಗರದಲ್ಲಿ ದೊಡ್ಡದಾಗಿ ಬೆಳೆಯಿತು. ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಸಂತ ಕೊಲುಂಬಾ ಚರ್ಚ್ ಕುಸಿದುಹೋಗಿ, ಮಧ್ಯಯುಗದ ಗಾಥಿಕ್ ಶೈಲಿಯ ಗೋಡೆಗಳ ಮುರಿದ ತುಂಡುಗಳಷ್ಟೇ ಉಳಿದಿದ್ದವು. 2007ರಲ್ಲಿ ಅಲ್ಲಿ ತೆರೆದ ಕೊಲುಂಬಾ ವಸ್ತುಸಂಗ್ರಹಾಲಯದಲ್ಲಿ ಆ ತುಂಡುಗಳ ನೆತ್ತಿಯ ಮೇಲಿಂದಲೇ ಹೊಸ ಗೋಡೆ ಎದ್ದಿದೆ. ಇಟ್ಟಿಗೆಗಳನ್ನು ಇದಕ್ಕೆಂದೇ ಡೆನ್ಮಾರ್ಕಿನಲ್ಲಿ ಸುಡಿಸಿದರು: ತೆಳ್ಳಗೆ, ಉದ್ದಕ್ಕೆ, ಬೂದು ಬಣ್ಣದವು. ಮುರಿದ ಕಲ್ಲಿನ ಅಂಕುಡೊಂಕು ಅಂಚಿಗೆ ಇಂಥ ತೆಳು ವರಸೆ ಸಲೀಸಾಗಿ ಕೂರುತ್ತದೆ, ದಪ್ಪ ಕಲ್ಲಾದರೆ ಹಳೆಯದನ್ನು ಕೆತ್ತಬೇಕಾಗುತ್ತಿತ್ತು. ಅಗೆದ ಅವಶೇಷಗಳ ಮೇಲಿನ ಗೋಡೆಯಲ್ಲಿ ಇಟ್ಟಿಗೆಗಳ ನಡುವೆ ಸಂದು ಬಿಟ್ಟಿದ್ದಾರೆ. ನಮ್ಮ ಗುಡಿಗಳ ಜಾಲಂಧ್ರದಲ್ಲಿ ಆಗುವ ಹಾಗೆ ಬಿಸಿಲು ಚೂರುಚೂರಾಗಿ ಒಳಗೆ ಬೀಳುತ್ತದೆ. ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಮಗುವೂ ತೋರಿಸಬಲ್ಲದು. ಗಾಥಿಕ್ ಶೈಲಿಯಲ್ಲೇ ಮತ್ತೆ ಕಟ್ಟಿದ್ದರೆ ಯುದ್ಧ ನಡೆದೇ ಇಲ್ಲ ಎಂದಂತಾಗುತ್ತಿತ್ತು.

ಎಲ್ಲವೂ ಹೀಗೆ ಕೈಗೂಡಿತು ಎಂದಲ್ಲ. ಬರ್ಲಿನ್‌ನಲ್ಲಿ ನಾಜಿ ಗುಪ್ತ ಪೊಲೀಸರ ಕೇಂದ್ರ ಕಚೇರಿಯಿದ್ದ ಜಾಗಕ್ಕೆ ಜುಮ್‌ಟೋರ್ ಅವರ ವಿನ್ಯಾಸ 1993ರಲ್ಲಿ ಆಯ್ಕೆಯಾಗಿತ್ತು. ಖರ್ಚು ಏರುತ್ತಾ ಹೋಗಿ ಕೆಲಸ ನಿಂತಿತು. ಎದ್ದಿದ್ದ ಮೆಟ್ಟಿಲ ಗೋಪುರಗಳನ್ನು 2004ರಲ್ಲಿ ಕೆಡವಿದರು. ಐದು ವರ್ಷದ ಬಳಿಕ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು.

ಕೊಲುಂಬಾದ ಬಗೆಗೂ ಒಂದು ತಕರಾರಿದೆ. ಯುದ್ಧ ಮುಗಿದ ಮೇಲೆ ಅವಶೇಷಗಳ ನಡುವೆ ವಾಸ್ತುಶಿಲ್ಪಿ ಗಾಟ್‌ಫ್ರೀಡ್ ಬೋಮ್ ಅವರು ಕಟ್ಟಿದ್ದ ಪುಟ್ಟ ಪ್ರಾರ್ಥನಾಲಯ ಈಗ ಹೊಸ ಕಟ್ಟಡದ ಹೊಟ್ಟೆಯೊಳಗೆ ಸೇರಿಹೋಗಿದೆ. ಅದರ ಬಣ್ಣದ ಗಾಜುಗಳಿಗೆ ಮೊದಲಿನ ಬೆಳಕಿಲ್ಲ. ಆ ದೂರು ನ್ಯಾಯವಾದದ್ದೇ. ಹಳೆಯದನ್ನು ಇಷ್ಟು ಗೌರವಿಸಿದ ಕೈ, ಆಗ ಅರ್ಧ ಶತಮಾನವಷ್ಟೇ ಹಳೆಯದಾಗಿದ್ದ ಈ ಕಟ್ಟಡಕ್ಕೆ ಅಷ್ಟು ಜಾಗ ಬಿಡಲಿಲ್ಲ.