ಪ್ಲಾಸ್ಟರ್ ಗಟ್ಟಿಯಾಗುವುದು ಒಣಗುವುದರಿಂದಲ್ಲ

ಕಲಬುರಗಿಯಲ್ಲಿ ಶಿಲ್ಪಕಲೆ ಕಲಿಯುವ ಮಕ್ಕಳಿಗೆ ಕೈಯ ಪಡಿಯಚ್ಚು ತೆಗೆಯುವುದನ್ನು ತೋರಿಸುವಾಗಲೆಲ್ಲ ಒಬ್ಬರಾದರೂ, "ಬಿಸಿಲಿಗೆ ಇಟ್ಟರೆ ಪ್ಲಾಸ್ಟರ್ ಬೇಗ ಒಣಗುತ್ತದಲ್ಲವೇ ಸರ್?" ಎಂದು ಕೇಳುತ್ತಾರೆ. ಈ ತಪ್ಪು ತಿಳಿವಳಿಕೆ ಅಪಾಯಕಾರಿ. ಜಿಪ್ಸಮ್ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಅದರ ಹರಳುಗಳಲ್ಲಿದ್ದ ನೀರಿನ ಮುಕ್ಕಾಲು ಪಾಲನ್ನು ಕಳೆದ ಪುಡಿಯೇ ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರು ಬೆರೆಸಿದೊಡನೆ ಅದು ಕಳೆದುಕೊಂಡದ್ದನ್ನು ಮರಳಿ ಪಡೆದು ಸೂಜಿಯಂಥ ಹರಳುಗಳಾಗಿ ಬೆಳೆಯುತ್ತದೆ. ಆ ಸೂಜಿಗಳು ಜಾಲಿಮುಳ್ಳಿನ ಬೇಲಿಯಂತೆ ಒಂದರೊಳಗೊಂದು ಹೆಣೆದುಕೊಳ್ಳುವುದರಿಂದಲೇ ಅದು ಗಟ್ಟಿಯಾಗುತ್ತದೆ. ನೀರಿನೊಳಗೆ ಮುಳುಗಿಸಿಟ್ಟರೂ ಗಟ್ಟಿಯಾಗುತ್ತದೆ. 100 ಗ್ರಾಂ ಪುಡಿಗೆ ಹರಳಾಗಲು ಬೇಕಾಗುವ ನೀರು ಸುಮಾರು 19 ಗ್ರಾಂ ಮಾತ್ರ. ಕಲಸಲೆಂದು ನಾವು ಹಾಕುವ ಹೆಚ್ಚಿನ ನೀರಷ್ಟೇ ಆಮೇಲೆ ಆರಿಹೋಗುತ್ತದೆ.

ಸುಡುವಾಗ ಹೀರಿಕೊಂಡ ಶಾಖವನ್ನು ಪ್ಲಾಸ್ಟರ್ ಗಟ್ಟಿಯಾಗುವಾಗ ಹೊರಬಿಡುತ್ತದೆ. ತೆಳುವಾಗಿ ಬಳಿದ ಪದರದ ಶಾಖ ಗಾಳಿಗೆ ಹೋಗುತ್ತದೆ. ಬಕೆಟ್ ತುಂಬ ಕಲಸಿದ ಮುದ್ದೆಯ ಒಳಗೆ ಅದು 60 ಡಿಗ್ರಿಯವರೆಗೂ ಏರಬಹುದು. 2007ರಲ್ಲಿ ಇಂಗ್ಲೆಂಡಿನ ಲಿಂಕನ್‌ಶೈರ್‌ನ ಶಾಲೆಯೊಂದರಲ್ಲಿ ಕೈಯ ಅಚ್ಚಿಗಾಗಿ ಎರಡೂ ಕೈಗಳನ್ನು ಪ್ಲಾಸ್ಟರಿನ ಬಕೆಟ್ಟಿನಲ್ಲಿಟ್ಟ 16 ವರ್ಷದ ವಿದ್ಯಾರ್ಥಿನಿ, ಅದು ಬಿಗಿದುಕೊಂಡಾಗ ಕೈ ತೆಗೆಯಲಾಗದೆ ಸುಟ್ಟು, ಎರಡು ಬೆರಳುಗಳ ಹೊರತು ಉಳಿದವನ್ನೆಲ್ಲ ಕಳೆದುಕೊಂಡಳು. ಪ್ಲಾಸ್ಟರಿನಲ್ಲಿ ಕೈ ಅದ್ದಲೇಬಾರದು.

ಚರ್ಮಕ್ಕೆ ತಗಲಬೇಕಾದದ್ದು ಆಲ್ಜಿನೇಟ್. ಕಂದು ಕಡಲಪಾಚಿಯಿಂದ ಸಿಗುವ ಈ ವಸ್ತುವನ್ನು 1881ರಲ್ಲಿ ಸ್ಟ್ಯಾನ್‌ಫರ್ಡ್ ಎಂಬ ಬ್ರಿಟಿಷ್ ರಸಾಯನಶಾಸ್ತ್ರಜ್ಞ ಬೆಳಕಿಗೆ ತಂದನು; ಹಲ್ಲಿನ ವೈದ್ಯರು ಬಾಯಿಯ ಅಚ್ಚು ತೆಗೆಯುವುದೂ ಇದರಿಂದಲೇ. ಇದು ಗಟ್ಟಿಯಾಗುವ ಬಗೆಯನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು. ಆಲ್ಜಿನೇಟಿನ ಅಣು ಒಂದು ಉದ್ದನೆಯ ಸರಪಳಿ; ಅದರ ಉದ್ದಕ್ಕೂ ಸಣ್ಣ ತಗ್ಗುಗಳಿವೆ. ಎರಡು ಸರಪಳಿಗಳು ಎದುರುಬದುರಾಗಿ ನಿಂತಾಗ ಆ ತಗ್ಗುಗಳಲ್ಲಿ ಕ್ಯಾಲ್ಸಿಯಂ ಅಯಾನುಗಳು ಕಿರಾಣಿ ಅಂಗಡಿಯ ಟ್ರೇಯಲ್ಲಿನ ಮೊಟ್ಟೆಗಳಂತೆ ಕೂರುತ್ತವೆ. ಸೋಡಿಯಂ ಒಂಟಿ ಕೈಯದು, ಒಂದು ಸರಪಳಿಯನ್ನಷ್ಟೇ ಹಿಡಿಯಬಲ್ಲದು. ಕ್ಯಾಲ್ಸಿಯಂ ಎರಡು ಕೈಯದು, ಗುಂಡಿಯು ಅಂಗಿಯ ಎರಡು ಅಂಚುಗಳನ್ನು ಕೂಡಿಸುವಂತೆ ಎರಡನ್ನೂ ಕೂಡಿಸುತ್ತದೆ. ಹಾಗಾದರೆ ಕ್ಯಾಲ್ಸಿಯಂ ಬೆರೆತ ಆಲ್ಜಿನೇಟ್ ಪುಡಿಗೆ ನೀರು ಬಿದ್ದ ಕ್ಷಣವೇ ಅದು ಏಕೆ ಬಿಗಿಯುವುದಿಲ್ಲ? ಪುಡಿಯಲ್ಲಿ ಬೆರೆಸಿರುವ ಫಾಸ್ಫೇಟ್ ಕ್ಯಾಲ್ಸಿಯಮ್ಮನ್ನು ಮೊದಲು ತಾನೇ ಸೆಳೆದುಕೊಳ್ಳುತ್ತದೆ. ಶರಣಬಸವೇಶ್ವರರ ದಾಸೋಹದಲ್ಲಿ ಮೊದಲ ಪಂಕ್ತಿ ಏಳುವವರೆಗೆ ಎರಡನೆಯ ಪಂಕ್ತಿಯವರು ಕಾಯುವಂತೆ, ಫಾಸ್ಫೇಟ್ ತೀರುವವರೆಗೆ ಆಲ್ಜಿನೇಟ್ ಕಾಯುತ್ತದೆ. ಕೈ ಅದ್ದಿ ಬೆರಳುಗಳನ್ನು ಸರಿಪಡಿಸಿಕೊಳ್ಳಲು ನಮಗೆ ದೊರೆಯುವುದು ಆ ಒಂದು ಪಂಕ್ತಿಯ ಸಮಯ.

ನಮ್ಮ ಕಡೆ ಈ ಸಮಯ ಇನ್ನೂ ಕಡಿಮೆ. ಮೇ ತಿಂಗಳಲ್ಲಿ ಮಾಳಿಗೆಯ ಟ್ಯಾಂಕಿನಿಂದ ಬರುವ ಬಿಸಿನೀರು ಕ್ರಿಯೆಯನ್ನು ಓಡಿಸುತ್ತದೆ. ಸೇಡಂ, ಚಿತ್ತಾಪುರದಂಥ ಸುಣ್ಣದ ಕಲ್ಲಿನ ನೆಲದ ಕೊಳವೆಬಾವಿ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೇರೆ ಸೇರಿಕೊಂಡು, ಕಲಸುತ್ತಿರುವಾಗಲೇ ಗಂಟು ಕಟ್ಟಿಸುತ್ತದೆ. ಶುದ್ಧೀಕರಿಸಿದ ನೀರನ್ನು ಮಣ್ಣಿನ ಗಡಿಗೆಯಲ್ಲಿ ತಂಪಾಗಿಸಿ ಬಳಸಿದರೆ ಎರಡೂ ತೊಂದರೆ ತಪ್ಪುತ್ತವೆ.

ಗಟ್ಟಿಯಾದ ಆಲ್ಜಿನೇಟ್ ರಬ್ಬರಿನಂತೆ ಬಾಗುವುದರಿಂದ ಮಡಿಚಿದ ಬೆರಳುಗಳ ಕೈಯೂ ಜಾರಿ ಹೊರಬರುತ್ತದೆ. ಮುಖಕ್ಕಾದರೆ ಮೂಗಿನ ಹೊಳ್ಳೆಗಳನ್ನು ತೆರೆದಿಟ್ಟು ಆಲ್ಜಿನೇಟ್ ಬಳಿದು, ಅದರ ಮೇಲೆ ಪ್ಲಾಸ್ಟರ್ ಪಟ್ಟಿಯ ಕವಚ ಹಾಕಬೇಕು. ಕ್ರಿ.ಪೂ. 4ನೆಯ ಶತಮಾನದ ಗ್ರೀಕ್ ಶಿಲ್ಪಿ ಲಿಸಿಸ್ಟ್ರಾಟಸ್ ಜೀವಂತ ಮುಖದ ಅಚ್ಚನ್ನು ನೇರವಾಗಿ ಪ್ಲಾಸ್ಟರಿನಲ್ಲೇ ತೆಗೆದು ಅದರೊಳಗೆ ಮೇಣ ಎರೆಯುತ್ತಿದ್ದನೆಂದು ಪ್ರಾಚೀನ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಬೀದರಿನ ಬಿದರಿ ಕುಶಲಕರ್ಮಿಗಳು ಕೆಂಪು ಮಣ್ಣಿಗೆ ಔಡಲೆಣ್ಣೆ, ರಾಳ ಬೆರೆಸಿದ ಅಚ್ಚಿನಲ್ಲಿ ಸತು-ತಾಮ್ರದ ಎರಕ ಹೊಯ್ದು, ಅಚ್ಚನ್ನು ಒಡೆದು ಪಾತ್ರೆ ತೆಗೆಯುತ್ತಾರೆ. ನಮ್ಮ ಆಲ್ಜಿನೇಟಿನ ಅಚ್ಚೂ ಹಾಗೆಯೇ ಒಂದು ಎರಕಕ್ಕೆ ಮಾತ್ರ.

ಕೈ ತೆಗೆದ ಪೊಳ್ಳಿಗೆ ಕೂಡಲೇ ಪ್ಲಾಸ್ಟರನ್ನು ಸ್ವಲ್ಪಸ್ವಲ್ಪವಾಗಿ ಸುರಿದು, ಬೆರಳುಗಳ ತುದಿಯಲ್ಲಿ ಸಿಕ್ಕ ಗಾಳಿಗುಳ್ಳೆಗಳು ಏಳುವಂತೆ ಬಕೆಟ್ಟನ್ನು ತಟ್ಟುತ್ತಿರಬೇಕು. ಒಂದೆರಡು ಗಂಟೆಯ ನಂತರ ಆಲ್ಜಿನೇಟನ್ನು ಕೈಯಿಂದಲೇ ಹರಿದು ತೆಗೆದಾಗ ಅಂಗೈಯ ರೇಖೆ, ಉಗುರಿನ ಸುತ್ತಲ ಸುಕ್ಕು, ಹಳೆಯ ಗಾಯದ ಗುರುತು ಎಲ್ಲವೂ ಮೂಡಿರುತ್ತವೆ. ಹರಿದ ಚೂರುಗಳನ್ನು ಪ್ಲಾಸ್ಟರಿನ ಕೈಯ ಪಕ್ಕದಲ್ಲಿ ಬಿಸಿಲಿಗಿಡಲು ಮಕ್ಕಳಿಗೆ ಹೇಳುತ್ತೇನೆ. ಎರಡು ದಿನಗಳಲ್ಲಿ ನೀರೆಲ್ಲ ಹೋಗಿ ಆ ಚೂರುಗಳು ಸುರುಟಿ ಚಿಕ್ಕದಾಗುತ್ತವೆ, ಪಕ್ಕದ ಕೈ ಇದ್ದ ಅಳತೆಯಲ್ಲೇ ಇರುತ್ತದೆ.